ಜೋಗುಳದ ನಡುವಿನ ಪ್ರಕಟಣೆ

ಧ್ವನಿ ಸಂಗ್ರಹಾಲಯದ ಮಾನ್ಯ ಮುಖ್ಯಾಧಿಕಾರಿಗಳೇ,

ರಾತ್ರಿ ಎರಡೂವರೆ. ಮಗಳ ಚೀರಾಟಕ್ಕೆ ಎದ್ದು ಕೂತಿದ್ದೇನೆ. ಕಾರಣ ತಾವು. ನನ್ನ ದೂರಿನ ಮೇಲೆ ಕ್ರಮ ಕೈಗೊಂಡು, ಅದೂ ತಿಂಗಳೊಳಗೆ, ನನ್ನ ಮನೆ ಹಾಳು ಮಾಡಿದ್ದೀರಿ. ಕಚೇರಿಯೊಂದು ಇಷ್ಟು ಬೇಗ ಕೆಲಸ ಮಾಡೀತೆಂದು ಯಾರು ತಾನೇ ಎಣಿಸುತ್ತಾರೆ?

ತಮ್ಮ ಸಂಗ್ರಹಾಲಯದ ಪುಟದಲ್ಲೇ ಇದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ, ಓದುವವರಿಗೂ ತಿಳಿಯಲಿ. ಹಕ್ಕಿನ ಅವಧಿ ಮುಗಿದು ಎಲ್ಲರ ಪಾಲಿಗೂ ಬಂದ ಹಳೆಯ ಹಾಡು, ಮಾತುಗಳ ಧ್ವನಿಮುದ್ರಣಗಳು ತಮ್ಮ ಜಾಲತಾಣದಲ್ಲಿವೆ. ಇವೆ ಎಂದರೆ, ಹುಡುಕುವವರ ಕೈಗೆ ಸಿಗದಂತೆ ಇವೆ. 'ಜೋಗುಳ' ಎಂದು ಹುಡುಕಿದರೆ ಉದ್ಘಾಟನಾ ಭಾಷಣಗಳು ಬಂದವು. ಅವುಗಳಿಂದಲೂ ನಿದ್ದೆ ಬರುತ್ತದೆ, ಆದರೆ ನನಗೆ, ಮಗುವಿಗಲ್ಲ. ಕೊನೆಗೆ 'ಇತರೆ' ಎಂಬ ಮೂಲೆಯಲ್ಲಿ, ರೈಲಿನ ಸಿಳ್ಳೆಗೂ ಯಾರದೋ ಕೆಮ್ಮಿಗೂ ನಡುವೆ, 'ಹೆಂಗಸು, ಅಸ್ಪಷ್ಟ' ಎಂಬ ಹೆಸರಿನಡಿ ಒಬ್ಬ ಅಜ್ಜಿ ಸಿಕ್ಕರು. ಪದ ಮರೆತು, ನಕ್ಕು, ಮತ್ತೆ ಮೊದಲಿನಿಂದ ಹಾಡುತ್ತಾರೆ. ಹುಟ್ಟಿದಂದಿನಿಂದ ಕಣ್ಣು ಮುಚ್ಚಲೊಲ್ಲದ ನನ್ನ ಮಗಳು ಆ ನಗುವಿಗೆ ಮಲಗಿಯೇಬಿಟ್ಟಳು. ಗಾಬರಿಯಿಂದ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಉಸಿರಿತ್ತು.

ಅಷ್ಟರಲ್ಲಿ ಹಾಡನ್ನು ಸೀಳಿಕೊಂಡು ಒಂದು ದನಿ ಗುಡುಗಿತು: "ಇದು ಸಾರ್ವಜನಿಕರ ಸ್ವತ್ತು. ಅನುಮತಿಯಿಲ್ಲದೆ ಯಾರೂ ಬಳಸತಕ್ಕದ್ದಲ್ಲ." ಸಾರ್ವಜನಿಕರು ಯಾರ ಅನುಮತಿ ಕೇಳಬೇಕು ಸ್ವಾಮಿ? ಪಕ್ಕದ ಮನೆಯವರದ್ದೇ? ಮಗಳು ಬೆಚ್ಚಿ ಎದ್ದಳು. ಕಚೇರಿಗೆ ಫೋನ್ ಮಾಡಿದರೆ ತಮ್ಮ ಗುಮಾಸ್ತರು, "ಅದು ಸಾಹೇಬ್ರ ದನಿನೇ ಮೇಡಂ, ಖುದ್ದಾಗಿ ನಿಂತು ರೆಕಾರ್ಡ್ ಮಾಡಿಸಿದ್ರು" ಎಂದು ಹೆಮ್ಮೆಪಟ್ಟರು. ಆ ಪ್ರಕಟಣೆ ತೆಗೆಯಿರೆಂದು ದೂರು ಬರೆದೆ. ಏನೂ ಆಗುವುದಿಲ್ಲವೆಂಬ ಭರವಸೆಯಲ್ಲಿ, ಬೇರೆ ಗತಿಯಿಲ್ಲದೆ, ಅದನ್ನೇ ದಿನಾ ಹಾಕಿದೆ. ಮಗು ಒಗ್ಗಿಕೊಂಡಿತು. ಎಷ್ಟೆಂದರೆ, ತಮ್ಮ ಗುಡುಗು ಬಂದ ಮೇಲೆಯೇ ರೆಪ್ಪೆ ಇಳಿಸತೊಡಗಿತು.

ನಿನ್ನೆ ಸಂಜೆ ತಾವು ಪ್ರಕಟಣೆಯನ್ನು ತೆಗೆದಿರಿ. ಈಗ ಹಾಡು ಆ ಜಾಗಕ್ಕೆ ಬಂದರೆ ಇವಳು ಕಾಯುತ್ತಾಳೆ, ಸುತ್ತ ನೋಡುತ್ತಾಳೆ, ಆಮೇಲೆ ರಾಗ ತೆಗೆಯುತ್ತಾಳೆ. ನನ್ನ ಗಂಡ ಗಂಟಲು ಸರಿಮಾಡಿಕೊಂಡು ಆ ಮಾತನ್ನು ಹೇಳಿ ನೋಡಿದರು. ಅಳು ಜೋರಾಯಿತು. ಬಾಗಿಲಲ್ಲಿ ನಿಂತ ಅತ್ತೆ, "ಅಧಿಕಾರ ಇರೋ ದನಿ ಬೇಕು ಕಣೇ ಅದಕ್ಕೆ. ಇವನ ಮಾತು ಈ ಮನೇಲಿ ಯಾರು ಕೇಳಿದಾರೆ?" ಎಂದರು.

ಆದ್ದರಿಂದ, ಪ್ರಕಟಣೆಯನ್ನು ಇದ್ದಲ್ಲಿಗೇ ಸೇರಿಸಿ. 'ಅನುಮತಿ'ಯನ್ನು ಬೇಕಾದರೆ ಕೈಬಿಡಿ, ದನಿಯನ್ನು ಬಿಡಬೇಡಿ. ಅಜ್ಜಿಯನ್ನು 'ಇತರೆ'ಯಿಂದ ಎಬ್ಬಿಸಿ 'ಜೋಗುಳ'ದಲ್ಲಿ ಕೂರಿಸಿ. ಇನ್ನೊಬ್ಬ ತಾಯಿ ಅಷ್ಟೆಲ್ಲ ಕೆಮ್ಮು ಕೇಳಿಸಿಕೊಳ್ಳುವುದು ಬೇಡ. ಇದಕ್ಕೆಲ್ಲ ಕಡತ ಓಡಾಡಬೇಕು, ಬಲ್ಲೆ. ಆದರೆ ಇವಳಿಗೆ ಕಡತದ ಮರ್ಮ ತಿಳಿಯದು. ನನ್ನ ನಂಬರ್ ದೂರಿನ ಕೆಳಗಿದೆ. ದಯವಿಟ್ಟು ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡಿ, ನಮ್ಮನ್ನು ಗದರಿಸಿ.

ಇಂತಿ,
ಫೋನನ್ನು ತೊಟ್ಟಿಲಲ್ಲೇ ಇಟ್ಟುಕೊಂಡು ಕಾಯುತ್ತಿರುವ,
ಸಾರ್ವಜನಿಕರಲ್ಲಿ ಒಬ್ಬಳು