ಹಿಂದಿನ ಸೀಟಿನ ತಂಪು

ಉಸ್ತಾದರಿಗೆ, ನಿಮ್ಮ ಹನುಮಂತನ ಶರಣು.

ನಾವಿಬ್ಬರೂ ಸೇರಿ ಹಿಂದಿನ ಏಸಿ ಕೂಡಿಸಿಕೊಟ್ಟ ನಾಲ್ಕು ವ್ಯಾನುಗಳು ನೆನಪಿವೆಯಲ್ಲ? ನೀವು ಹಾಸಿಗೆ ಹಿಡಿಯುವ ಮುಂಚಿನ ಬೇಸಿಗೆ. ಅವುಗಳಲ್ಲಿ ಮೂರು ಸಿಕ್ಕಿವೆ. ನಾಲ್ಕನೆಯದು ಇನ್ನೂ ರಸ್ತೆಯ ಮೇಲಿದೆ. ಇವತ್ತು ಅದರಲ್ಲಿ ಮದುವೆಯ ಜನ ಕೂತಿದ್ದಾರೆ. ಈ ಬಿಸಿಲಲ್ಲಿ ಕಿಟಕಿ ಯಾರು ತೆಗೆದಾರು? ಎಲ್ಲ ಮುಚ್ಚಿಕೊಂಡು, ತಂಪಾಗಿ... ನಿಮಗೆ ಮೊದಲಿನಿಂದಲೇ ಹೇಳುತ್ತೇನೆ. ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಬೈಯಬೇಡಿ.

ಖಾಜಾ ಈ ವರ್ಷ ಮೊದಲ ಸಲ ಗ್ಯಾರೇಜಿಗೆ ಬಂದದ್ದು ಶಿವರಾತ್ರಿ ಆದ ವಾರಕ್ಕೆ. ಅವನ ಪೆಟ್ರೋಲ್ ವ್ಯಾನು ನಾವು ಏಸಿ ಕೂಡಿಸಿದ ಆ ನಾಲ್ಕರಲ್ಲಿ ಮೊದಲನೆಯ ಗಾಡಿ. ದಿನಾಲು ರಾಯಚೂರಿನಿಂದ ದೇವದುರ್ಗಕ್ಕೆ ಟೀಚರಮ್ಮಂದಿರನ್ನು ಕರೆದುಕೊಂಡು ಹೋಗುತ್ತಾನೆ. ನಿಮ್ಮ ಮಗಳು ನೀಲಮ್ಮನೂ ಅದರಲ್ಲೇ ಹೋಗುತ್ತಾಳೆ, ಕಡೆಯ ಸೀಟಿನಲ್ಲಿ. ಬ್ಯಾಗು, ಡಬ್ಬಿ ಇಟ್ಟುಕೊಳ್ಳಲು ಅಲ್ಲಿ ಜಾಗ ಇದೆಯಂತೆ. "ಹನುಮಣ್ಣಾ, ಮುಂದ ಕಾಶ್ಮೀರ ಅದ, ಹಿಂದ ರಾಯಚೂರೇ ಅದ ನೋಡು," ಅಂದ ಖಾಜಾ. ಏಸಿ ಗ್ಯಾಸ್ ತುಂಬಿಬಿಡು ಅಂತ ಅವಸರ ಮಾಡಿದ. ನಾನು ತುಂಬಲಿಲ್ಲ. ನಿಮ್ಮ ಮಾತು ಕಿವಿಯಲ್ಲಿತ್ತು: "ಮುಂದ ತಣ್ಣಗದ ಅಂದ್ರ ಗ್ಯಾಸ್ ಅದ ಅಂತ ಅರ್ಥ. ಹಿಂದಿನ ರೋಗಾನ ಹಿಂದ ಹುಡುಕಲೇ." ಪಕ್ಕದ ಪ್ಲಾಸ್ಟಿಕ್ ಹಲಗೆ ಬಿಚ್ಚಿದೆ. ಕೂಲಿಂಗ್ ಕಾಯಿಲ್ ಮೇಲೆ ಹತ್ತಿಯ ಎಳೆ ಕೂತು ಕೂತು ಚಿಕ್ಕ ಗಾದಿಯೇ ಆಗಿತ್ತು. ಹತ್ತಿ ಬಜಾರಿನ ಹಿಂದೆ ಗಾಡಿ ನಿಲ್ಲಿಸಿದರೆ ಇನ್ನೇನಾಗುತ್ತದೆ? ಬ್ರಶ್ ಹಿಡಿದು ತೊಳೆದೆ. ಗಾಳಿ ಸರಾಗ ಎಳೆಯಿತು, ತಂಪು ಬಂತು.

ಎರಡನೆಯ ಸಲ ಬಂದಾಗ ಹಿಂದಿನ ಏಸಿಯ ದಪ್ಪ ಪೈಪು ಬೆವರುತ್ತಿರಲಿಲ್ಲ. ಮುಟ್ಟಿದರೆ ಬೆಚ್ಚಗೆ. ವಾಲ್ವ್ ಕಚ್ಚಿಕೊಂಡಿದೆ ಅಂತ ತಿಳಿಯಿತು, ಹೊಸದು ಹಾಕಿದೆ. ತಂಪು ಬಂದ ಮೇಲೆ ಹಿಂದಿನವರು ಕಿಟಕಿ ತೆಗೆಯುವುದನ್ನೇ ಬಿಟ್ಟರಂತೆ. ಮೂರನೆಯ ಸಲ ಗಾಳಿ ಎಳೆದು ಊದುವ ಬ್ಲೋವರ್ ಮೋಟರ್ ಗೊರಗೊರ ಅಂತಿತ್ತು. ಖಾಜಾನೇ, "ಸ್ವಲ್ಪ ಜೋರಿಂದು ಕೂಡ್ಸು, ಟೀಚರಮ್ಮಾರು ದಿನಾ ಬೈತಾರ," ಅಂದ. ಜೋರಿನದೇ ಕೂಡಿಸಿದೆ. ಕಡೆಯ ಸೀಟಿನ ಹತ್ತಿರ ಕೈ ಹಿಡಿದರೆ ಬೆರಳು ಮರಗಟ್ಟಬೇಕು, ಹಂಗೆ ತಂಪು. ಮೂರು ದಿನ ಬಿಟ್ಟು ಖಾಜಾ ಚಹಾ ಕುಡಿಯಲು ಬಂದು, "ಏನ್ ಕೈ ಗುಣಾನೋ ನಿಂದು! ಗಬ್ಬೂರು ಬರೂದ್ರೊಳಗ ಹಿಂದಿನವ್ರೆಲ್ಲ ಗೊರಕಿ ಹೊಡಿತಾರ," ಅಂದ. ನಾನು ನಕ್ಕೆ, ಉಸ್ತಾದ್. ನನಗೂ ಹೆಮ್ಮೆಯೇ ಆಯಿತು.

ಒಂದು ಭಾನುವಾರ ನಿಮ್ಮ ಮನೆಗೆ ಹೋಗಿದ್ದೆ. ನೀಲಮ್ಮ ಬಸುರಿ, ಐದನೆಯ ತಿಂಗಳು. ಈ ಸುದ್ದಿ ನಿಮಗೆ ಹೇಳಬೇಕೆಂದು ಎಷ್ಟು ಸಲ ಅಂದುಕೊಂಡೆ. ಹೇಳುವುದಾದರೆ ಸಿಹಿ ಹಂಚಿದಂತೆ ಹೇಳಬೇಕಾಗಿತ್ತು, ಹೀಗಲ್ಲ. ಅಂದು ಅವಳು ಕಟ್ಟೆಯ ಮೇಲೆ ಕೂತು ಮಂಡಕ್ಕಿ ಒಗ್ಗರಣೆಗೆ ಮಿರ್ಚಿ ಹೆಚ್ಚುತ್ತಿದ್ದಳು. ನಿಮ್ಮ ಮನೆಯವರು, "ವಾರಪೂರ್ತಿ ವಾಂತಿ, ತಲಿನೋವು. ಸಾಲಿಯಿಂದ ಬಂದಾಕಿನ ಬಿದ್ಕೋತಾಳ. ಗಂಡುಕೂಸು ಅದ ಕಾಣ್ತದ, ಅದಕ್ಕ ಇಷ್ಟು ಕಾಡ್ತದ," ಅಂದರು.

"ಇವತ್ತು ಹೆಂಗದವ್ವಾ?" ಅಂದೆ.

"ಇವತ್ತು ಏನಿಲ್ಲಣ್ಣಾ. ಐತವಾರ ಬಂತಂದ್ರ ಆರಾಮ. ಕೂಸಿಗೂ ಸಾಲಿ ಸೂಟಿ ಅಂತ ತಿಳಿತದ ಕಾಣ್ತದ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬಸುರಿನ ವಾಂತಿಗೆ ವಾರ ಯಾವುದೆಂದು ಹೇಗೆ ಗೊತ್ತು? "ನಿನ್ನ ಬಾಜೂ ಕೂಡೋ ಟೀಚರ್‌ಗೆ?" ಅಂದೆ. "ಅವ್ರಿಗೂ ತಲಿ ಸಿಡಿತದಂತ. ಅವ್ರೇನು ಬಸುರಿ ಅಲ್ಲ ಬಿಡ್ರಿ, ಅವ್ರ ಮಗಳು ಕಾಲೇಜಿಗಿ ಹೊಂಟಾಳ," ಅಂತ ಮತ್ತೆ ನಕ್ಕಳು. ಯಾವುದು ಯಾವಾಗ ಶುರುವಾಯಿತೆಂದು ಕೇಳಿಕೊಂಡು, ಮನೆಗೆ ನಡೆಯುತ್ತಾ ಲೆಕ್ಕ ಹಾಕಿದೆ. ಕಾಯಿಲ್ ತೊಳೆದ ಮೇಲೆ ತಲೆನೋವು. ವಾಲ್ವ್ ಹಾಕಿದ ಮೇಲೆ ವಾಂತಿ. ಜೋರಿನ ಮೋಟರ್ ಕೂಡಿಸಿದ ಮೇಲೆ ನಿದ್ದೆ. ನಾನು ರಿಪೇರಿ ಮಾಡಿದಂತೆಲ್ಲ ಅವಳಿಗೆ ಹೆಚ್ಚಾಗುತ್ತಿತ್ತೇ?

ನೀವು ನನ್ನನ್ನು ಎಷ್ಟು ಸಲ ಗಾಡಿಯ ಒಳಗೆ ದಬ್ಬಿದ್ದೀರಿ! "ಕಂಪ್ಲೇಂಟು ಎಲ್ಲಿ ಕುಂತದ ಅಲ್ಲಿ ನೀನೂ ಕುಂದ್ರು. ಹೊರಗ ನಿಂತು ಡಾಕ್ಟರಕಿ ಮಾಡಬ್ಯಾಡ." ನಾನು ಮೂರೂ ಸಲ ಹಿಂದಿನ ಬಾಗಿಲು ತೆರೆದಿಟ್ಟು, ಹೊರಗೆ ನಿಂತು, ಕೈ ಚಾಚಿ ತಂಪು ನೋಡಿದವನು. ಸೋಮವಾರ ಖಾಜಾ ಟೀಚರಮ್ಮಂದಿರನ್ನು ಇಳಿಸಿ ಬಂದ ಮೇಲೆ, ನಡೆ ಅಂತ ಅದೇ ರಸ್ತೆಗೆ ಮತ್ತೆ ಹೊರಡಿಸಿದೆ. ಕಡೆಯ ಸೀಟಿನಲ್ಲಿ, ನೀಲಮ್ಮನ ಜಾಗದಲ್ಲಿ ಕೂತೆ. ಕಿಟಕಿ ಮುಚ್ಚಿದೆ. ಅತ್ತರಿನ ಬಾಟಲಿಯ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಊರು ದಾಟಿ ಸ್ವಲ್ಪ ದೂರ ಹೋಗುವುದರಲ್ಲಿ ಹಣೆಯ ಬದಿಯ ಕಣತಲೆ ಟಕಟಕ ಅನ್ನತೊಡಗಿತು. ಆಕಳಿಕೆ ಮೇಲೆ ಆಕಳಿಕೆ. ಖರೆ ಹೇಳುತ್ತೇನೆ ಉಸ್ತಾದ್, ಹಿತವಾಗಿಯೇ ಇತ್ತು. ಚಿಂತೆಯೆಲ್ಲ ಇಳಿದು ಹೋದ ಹಾಗೆ. ಜನ್ಮದಲ್ಲಿ ಎಂದೂ ಚಿಂತೆ ಬಿಡದ ನನಗೆ ಚಿಂತೆ ಹೋಯಿತೆಂದರೆ... ಅದಕ್ಕೇ ಅಂಜಿಕೆ ಬಂತು. "ಖಾಜಾ, ನಿಂದ್ರಸು," ಅಂದೆ. ನಾಲಿಗೆ ದಪ್ಪ ಆಗಿತ್ತು. ಮುಂದೆ ಅವನು ತನ್ನ ಪಾಡಿಗೆ ಹಾಡು ಗುನುಗುತ್ತಿದ್ದ, ಅವನಿಗೇನೂ ಆಗಿರಲಿಲ್ಲ.

ರಸ್ತೆ ಬದಿಯ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಬಾಗಿಲೆಲ್ಲ ತೆರೆದು, ಸುಮಾರು ಹೊತ್ತು ಬಗ್ಗಿ ನಿಂತಿದ್ದೆ. ಆಮೇಲೆ ಖಾಜಾನ ಡ್ಯಾಶ್‌ಬೋರ್ಡಿನಲ್ಲಿದ್ದ ಊದುಬತ್ತಿ ಹಚ್ಚಿಕೊಂಡು, ಎಂಜಿನ್ ಬಂದ್ ಮಾಡಿಸಿ, ಬ್ಯಾಟರಿ ಮೇಲೆ ಹಿಂದಿನ ಬ್ಲೋವರ್ ಮಾತ್ರ ಹಾಕಿಸಿ, ಗಾಡಿಯ ಕೆಳಗೆ ಮಲಗಿದೆ. ಏಸಿ ಪೈಪುಗಳು ನೆಲದ ತಗಡಿನಿಂದ, ಬ್ಲೋವರ್ ಇರುವ ಪಕ್ಕದ ಹಲಗೆಯ ಒಳಗೆ ಏರುವ ತೂತಿನ ಹತ್ತಿರ ಊದುಬತ್ತಿ ಹಿಡಿದೆ. ಹೊಗೆ ಆಕಡೆ ಈಕಡೆ ಹೋಗಲಿಲ್ಲ. ಎಳೆಯಾಗಿ ನೆಟ್ಟಗೆ ಮೇಲಕ್ಕೆ, ಗಾಡಿಯ ಒಳಗೆ ಹೋಯಿತು. ಬ್ಲೋವರ್ ನಿಲ್ಲಿಸು ಅಂದೆ, ಹೊಗೆ ಚದುರಿತು. ಹಾಕು ಅಂದೆ, ಮತ್ತೆ ಒಳಗೆ. ಆ ತೂತಿನಿಂದ ಒಂದು ಮೊಳ ದೂರದಲ್ಲಿ ಸೈಲೆನ್ಸರ್ ಪೈಪಿನ ಜೋಡಣೆ ಸೀಳಿತ್ತು. ರೋಡ್ ಹಂಪ್‌ಗಳಿಗೆ ತಾಗಿ ತಾಗಿ ಸೀಳಿರಬೇಕು. ಎಂಜಿನ್ ಉಗುಳಿದ್ದನ್ನು ನಮ್ಮ ಬ್ಲೋವರ್ ಎಳೆದು, ತಣ್ಣಗೆ ಮಾಡಿ, ಕಡೆಯ ಸೀಟಿನವರ ಮುಖಕ್ಕೆ ಬಿಡುತ್ತಿತ್ತು.

ಆ ತೂತು ಕೊರೆದವನು ನಾನು, ಮುಚ್ಚಿದವರು ನೀವು. ಆ ಮಧ್ಯಾಹ್ನ ಮರೆತಿಲ್ಲ. ಅಳತೆಯ ರಬ್ಬರ್ ಉಂಗುರ ಹೈದರಾಬಾದಿನಿಂದ ಬರಬೇಕಾಗಿತ್ತು, ಗಿರಾಕಿ ತಲೆಯ ಮೇಲೆ ಕೂತಿದ್ದ. ನೀವು ಹಳೆಯ ಟ್ಯೂಬ್ ಕತ್ತರಿಸಿ, ಪೈಪಿಗೆ ಸುತ್ತಿ, ತೂತಿನಲ್ಲಿ ತುರುಕಿ ಮೇಲೆ ಕಪ್ಪು ಮೇಣ ಮೆತ್ತಿದಿರಿ. "ಉಸ್ತಾದ್ರೀ, ನಮ್ಮ ಬಿಸಲಿಗಿ ಇದು ಸುಟ್ಟು ಉದರೂದಿಲ್ಲೇನ್ರಿ?" ಅಂತ ಕೇಳಿದೆ. ನೀವು ಅಲ್ಲಿದ್ದವರ ಮುಂದೆ ನಕ್ಕು, "ನೋಡ್ರಪಾ, ನಮ್ಮ ಹನುಮ್ಯಾಗ ಟ್ಯೂಬಿನ ಚಿಂತಿ. ಲೇ, ನಿನ್ನ ಮದಿವ್ಯಾಗ ಹಾರದ ಹೂವು ಉದರ್ತಾವಂತ ಹಾರಾನೂ ಹಾಕ್ಕೋಳ್ಳಿಲ್ಲೇನೋ?" ಅಂದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಉಳಿದ ಮೂರು ಗಾಡಿಗಳಿಗೂ ಹಾಗೇ ಮಾಡಿದೆವು. ಖಾಜಾನ ಗಾಡಿಯಲ್ಲಿ ಆ ಟ್ಯೂಬು ಸುಟ್ಟು ಪೂರಾ ಉದುರಿಹೋಗಿತ್ತು. ನಾನು ಇನ್ನೊಂದು ಸಲ ಯಾಕೆ ಕೇಳಲಿಲ್ಲ? ಊಟದ ಹೊತ್ತಿಗೆ, ನೀವೊಬ್ಬರೇ ಇದ್ದಾಗ ಕೇಳಬಹುದಾಗಿತ್ತಲ್ಲ...

ಅವತ್ತೇ ಖಾಜಾನ ಗಾಡಿಯ ತೂತು ಮುಚ್ಚಿ, ಸೈಲೆನ್ಸರ್ ಬೆಸೆದೆ. ಮರುದಿನ ನೀಲಮ್ಮನನ್ನು ದವಾಖಾನೆಗೆ ಕರೆದುಕೊಂಡು ಹೋದೆವು. ಪೆಟ್ರೋಲ್ ಹೊಗೆಯಲ್ಲಿ ವಾಸನೆಯೇ ಇಲ್ಲದ ಒಂದು ವಿಷ ಇರುತ್ತದಂತೆ, ಅದು ರಕ್ತ ಸೇರುತ್ತದಂತೆ. ಡಾಕ್ಟರಮ್ಮ ಕೂಸಿನ ಎದೆಬಡಿತ ಕೇಳಿಸಿದರು. ಓಡುತ್ತಿರುವ ಕುದುರೆಯ ಹಾಗೆ ಇತ್ತು. "ಬಡಿತ ಚೆನ್ನಾಗಿದೆ. ಆದರೆ ಇಷ್ಟು ದಿನ ಎಷ್ಟು ಕುಡಿದಿದೆ, ಅದರಿಂದ ಏನಾಗಿದೆ ಅಂತ ಈಗಲೇ ಹೇಳೋಕೆ ಆಗಲ್ಲ," ಅಂದರು. ಹೊರಗೆ ಖಾಜಾ, "ಯಾರ ಕೆಲಸ ಇದು, ಆ ತೂತಿಂದು?" ಅಂತ ಕೇಳಿದ. ನಿಮ್ಮ ಮನೆಯವರು ಬಾಜೂಕ್ಕೇ ನಿಂತಿದ್ದರು. "ನಂದು," ಅಂದೆ. ಖಾಜಾ ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ.

ಉಳಿದ ಮೂರನ್ನು ಹುಡುಕಲು ಹೊರಟೆ. ಶಕ್ತಿನಗರದ ವ್ಯಾನಿನಲ್ಲಿ ಟ್ಯೂಬು ಅರ್ಧ ಉದುರಿತ್ತು, ಪುಣ್ಯಕ್ಕೆ ಸೈಲೆನ್ಸರ್ ಗಟ್ಟಿ ಇತ್ತು. ತಗಡಿನ ತುಂಡು, ರಬ್ಬರ್ ಉಂಗುರ ಕೂಡಿಸಿ ಬಂದೆ. ಮಾನ್ವಿಯದು ಅಕ್ಕಿ ಗಿರಣಿಯ ಸಾಹುಕಾರರ ಮನೆಯದು. ಅಲ್ಲಿ ಟ್ಯೂಬು ಇರಲೇ ಇಲ್ಲ, ಪೈಪಿಗೆ ಕಪ್ಪು ಕಲೆ ಮಾತ್ರ. ಸಾಹುಕಾರರು ನನಗೆ ಮಜ್ಜಿಗೆ ಕೊಡಿಸಿ, ಗಾಡಿಯ ಬೆನ್ನು ತಟ್ಟಿ ಹೇಳಿದರು: "ಭಾರಿ ಪುಣ್ಯದ ಗಾಡಿರೀ ಇದು. ಹೋದ ಬ್ಯಾಸಗಿಗಿ ನಮ್ಮವ್ವ ಹಿಂದಿನ ಸೀಟಿನಾಗ ಕುಂತು ಬರ್ತಾ ಬರ್ತಾನ ಹೋದ್ಲು. ಎಂಬತ್ತು ದಾಟಿದ್ವು. ಒಂದು ಕೆಮ್ಮಿಲ್ಲ, ನರಳಿಲ್ಲ. ಮಕ್ಕೊಂಡಂಗ ಹೋದ್ಲು."

ಮಜ್ಜಿಗೆಯ ಲೋಟ ಕೆಳಗಿಟ್ಟೆ. ಮುದುಕಿಗೆ ವಯಸ್ಸಾಗಿತ್ತು. ಎದೆಯ ರೋಗವೂ ಇತ್ತಂತೆ. ಇರಬಹುದು, ಉಸ್ತಾದ್, ಅದೇ ಇರಬಹುದು. ಆದರೆ ಗೊತ್ತಾಗುವುದು ಹೇಗೆ? ಯಾರನ್ನು ಕೇಳಲಿ? ನಾನು ತೂತು ಮುಚ್ಚಿ, ಕೈ ತೊಳೆದು, ಏನೂ ಹೇಳದೆ ಬಂದೆ. ಬಸ್ಸಿನಲ್ಲಿ ಕಿಟಕಿ ತೆಗೆದು ಕೂತೆ.

ನಾಲ್ಕನೆಯ ಗಾಡಿ ಈಗ ಯಾಪಲದಿನ್ನಿಯ ತಿಮ್ಮಪ್ಪನ ಹತ್ತಿರ ಇದೆ. ನಂಬರ್ ಹುಡುಕಿ ನಿನ್ನೆ ಮುಂಜಾನೆ ಫೋನ್ ಮಾಡಿದೆ. ಏಸಿ ಹೇಗಿದೆ ಅಂದೆ. "ಕುಂತ್ರ ಎದ್ದೇಳಂಗಿಲ್ರಿ, ಹಂಗದ. ಹಿಂದಿನವ್ರು ನಿದ್ದಿಗಣ್ಣಾಗ ಇಳಿತಾರ," ಅಂದ. ನಾನು ತೂತಿನ ವಿಷಯ ಹೇಳಿದೆ. ನನ್ನ ಕೆಲಸ ತಪ್ಪಾಗಿದೆ, ಬಂದು ಸರಿ ಮಾಡುತ್ತೇನೆ, ಪುಕ್ಕಟೆ ಮಾಡುತ್ತೇನೆ ಅಂದೆ. "ನಿನ್ನ ಕೆಲಸ ಎಲ್ಲಿಂದ ಬಂತೋ? ಈರಣ್ಣ ಉಸ್ತಾದ್ರು ಖುದ್ದು ಕೈಲೆ ಮಾಡ್ಯಾರ ಅಂತ ಹೇಳೇ ನನಗ ಗಾಡಿ ಮಾರ್ಯಾರ. ಉಸ್ತಾದ್ರ ಕೆಲಸಕ್ಕ ಬ್ಯಾರೇದವ್ರು ಕೈ ಹಚ್ಚಬಾರ್ದು." ಆಗ ಹೇಳಿಯೇಬಿಟ್ಟೆ, ಉಸ್ತಾದರದೇ ತಪ್ಪು ಅಂತ. "ಸತ್ತವ್ರ ಮ್ಯಾಲ ಹಾಕಾಕತ್ತಿಯೇನಲೇ? ಅವ್ರ ಅನ್ನ ತಿಂದು ದೊಡ್ಡಾದಂವ ನೀನು!" ಅಂತ ಬೈದು ಇಟ್ಟ. ಆಮೇಲೆ ಎತ್ತಲಿಲ್ಲ. ಸಂಜೆ ಅವನ ಮನೆಗೇ ಹೋದರೆ ಗಾಡಿ ಇರಲಿಲ್ಲ, ಮದುವೆಯ ಜನರನ್ನು ಕರೆದುಕೊಂಡು ಹೋಗಿದ್ದಾನೆ, ನಾಳೆ ಸಂಜೆ ನಾಲ್ಕರ ಸುಮಾರಿಗೆ ಬರುತ್ತಾನೆ ಅಂದರು.

ವಾಪಸು ಬಂದವನು ನೇರ ನಿಮ್ಮ ಮನೆಗೆ ಹೋಗಿ ನೀಲಮ್ಮನಿಗೆ ಎಲ್ಲ ಹೇಳಿದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ನಮ್ಮಪ್ಪಗ ಗೊತ್ತಿತ್ತೇನು?"

"ಇಲ್ಲವ್ವಾ. ಗೊತ್ತಿದ್ರ ಮಾಡ್ತಿದ್ದಿಲ್ಲ."

"ನೀವು ಹೇಳಿದ್ದಿಲ್ಲೇನು?"

"ಒಮ್ಮಿ ಹೇಳಿದ್ದೆ."

ಇವತ್ತು ಮುಂಜಾನೆ ನಾನು ಹೊರಡುವಾಗ ಅವಳು ನಮ್ಮ ಮನೆಯ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು. "ನಿಮ್ಮ ಮಾತು ಅಂವ ಕೇಳೂದಿಲ್ಲ. ಈರಣ್ಣನ ಮಗಳ ಮಾತು ಕೇಳ್ತಾನ. ನಡೀರಿ," ಅಂದಳು.

ಈಗ ನಾವು ಗಿಲ್ಲೆಸುಗೂರಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಇದ್ದೇವೆ. ತಿಮ್ಮಪ್ಪ ಊರಿಗೆ ಹೋಗಬೇಕೆಂದರೆ ಇಲ್ಲಿಂದಲೇ ಹೋಗಬೇಕು. ನಿಮ್ಮ ಮಗಳು ಸೆರಗು ತಲೆಯ ಮೇಲೆ ಎಳೆದುಕೊಂಡು ರಸ್ತೆಯನ್ನೇ ನೋಡುತ್ತಿದ್ದಾಳೆ. ನಾಲ್ಕು ಗಂಟೆಗೆ ಬರಬೇಕಾಗಿತ್ತು, ಐದಾಯಿತು. ಗಾಡಿ ಕಂಡ ಕೂಡಲೇ ಅವಳು ಅಡ್ಡ ಹೋಗಿ ನಿಲ್ಲುತ್ತಾಳೆ. ನಿಂತು, ನಿಮ್ಮ ಹೆಸರು ಹೇಳುತ್ತಾಳೆ, ನಮ್ಮಪ್ಪ ಮಾಡಿದ್ದು ತಪ್ಪು ಅಂತ ಊರ ಮುಂದೆ ಹೇಳುತ್ತಾಳೆ. ಅವಳು ಹೇಳುತ್ತಿರುವಷ್ಟರಲ್ಲಿ ನಾನು ಹಿಂದಿನ ಬಾಗಿಲು ತೆಗೆದಿರುತ್ತೇನೆ. ಕಡೆಯ ಸೀಟಿನಿಂದ ಶುರು ಮಾಡಿ ಒಬ್ಬೊಬ್ಬರನ್ನೇ ಭುಜ ಹಿಡಿದು ಎಬ್ಬಿಸುತ್ತೇನೆ. ಎಲ್ಲರೂ ಎದ್ದರೆ, ಉಸ್ತಾದ್, ಆಮೇಲೆ ನೀವು ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗಿ.