ಪಂಕ್ತಿ ಏಳುವವರೆಗೆ

ಅಣ್ಣಿಗೇರಿ, ೮ ಆಗಸ್ಟ್ ೧೯೭೨

ಚಹಾ, ಪೇಪರು, ಮೂಲವ್ಯಾಧಿ — ಎಂದಿನಂತೆ. ಪಕ್ಕದ ಮನೆಯ ಮಡಿವಾಳೆಪ್ಪ ಹ್ಯಾಂಡ್‌ಬಿಲ್ಲು ತಂದುಕೊಟ್ಟ. ಸ್ವಾತಂತ್ರ್ಯದ ಬೆಳ್ಳಿಹಬ್ಬ. ಕುಂದಗೋಳದ ವೀರಯೋಧ ಪಾಂಡುರಂಗರಾಯರಿಗೆ ಸನ್ಮಾನ, ನಂತರ ಭೋಜನ. ಚಹಾ ಆರಿಹೋಯಿತು.

ನ್ಯೂಗಿನಿ. ಜಪಾನಿಗಳ ಕ್ಯಾಂಪು. ನಾವು ಸೆರೆಸಿಕ್ಕ ಸಿಪಾಯಿಗಳು, ವಿಮಾನ ಇಳಿಯಲು ನೆಲ ಸಮ ಮಾಡುವ ಕೂಲಿಗಳು. ಈ ಪಾಂಡುರಂಗನೂ ಕೈದಿಯೇ... ಪ್ರಮೋಶನ್ ಸಿಕ್ಕ ಕೈದಿ, ನಮ್ಮ ಮೇಲಿನ ಮುಕಾದಮ. ಜ್ವರ ಬಂದು ಕೆಲಸಕ್ಕೆ ಬಾರದವರನ್ನು ಬೆರಳು ಮಾಡಿ ತೋರಿಸುತ್ತಿದ್ದ. ಅವರನ್ನು ಕಾಡಿಗೆ ಒಯ್ಯುತ್ತಿದ್ದರು. ಆಮೇಲೆ ಗುಂಡಿನ ಸಪ್ಪಳ. ನಮ್ಮೂರ ಕುಬೇರಪ್ಪನನ್ನೂ ತೋರಿಸಿದ.

೧೦ ಆಗಸ್ಟ್

ಹಬ್ಬದ ಕಮಿಟಿಗೆ ಹೋಗಿ ಹೇಳಿದೆ. ಇದೂ ತಮಾಷೆಯೆಂದು ನಕ್ಕರು. ಜನ್ಮವಿಡೀ ಚಾಷ್ಟಿ ಮಾಡಿಕೊಂಡು ಬದುಕಿದ್ದರ ಬಹುಮಾನ.

ಕುಬೇರಪ್ಪನ ಹೆಂಡತಿ ರೇವವ್ವ ನಗಲಿಲ್ಲ. ಸರಕಾರ ಅವನನ್ನು 'ಕಾಣೆ' ಎಂದಿದೆ. ಸತ್ತ ಎಂದು ನಾನು ಯುದ್ಧದಿಂದ ಬಂದ ದಿನವೇ ಹೇಳಿದ್ದೆ, ನಂಬಿರಲಿಲ್ಲ. ಇಂದಿಗೂ ಕೈತುಂಬ ಬಳೆ.

"ಅಂವನ ಬಾಯಿಲೇ ಹೇಳಸ್ರಿ. ಆಮ್ಯಾಲೆ ಬಳಿ ತಗೀತೀನಿ."

೧೫ ಆಗಸ್ಟ್, ಸಂಜೆ

ಪಂಕ್ತಿಯಲ್ಲಿ ಅವನ ಬಾಜೂಕೇ ಕುಳಿತೆ. ಗುರುತು ಹತ್ತಲಿಲ್ಲ ಅವನಿಗೆ. ಹಾರ, ಪಟಗಾ, ಹೊಟ್ಟೆ — ವೀರನಿಗೆ ಬೇಕಾದದ್ದೆಲ್ಲ ಇತ್ತು.

ಕಡೆಯವನ ಊಟ ಮುಗಿಯದೆ ಪಂಕ್ತಿ ಏಳುವಂತಿಲ್ಲ. ಇವತ್ತಿನ ಕಡೆಯವನು ನಾನು. ಅಗುಳು ಅಗುಳಾಗಿ ತಿಂದೆ. ಎಲ್ಲರ ಎಂಜಲು ಕೈ ಒಣಗಿದವು. ಅವನ ಹುಬ್ಬಳ್ಳಿ ಗಾಡಿ ಕೂಗಿ ಹೋಯಿತು.

"ಲಗೂ ಮುಗಸ್ರಿ ಯಜಮಾನ್ರ," ಅಂದ ನನಗೆ.

"ನೀ ನ್ಯೂಗಿನಿಯಾಗ ಮುಷ್ಟಿ ಅನ್ನಾ ನೀಡ್ತಿದ್ದಿ ನೋಡು. ಸಾವಕಾಶ ತಿನ್ನೂದು ರೂಢಿ ಆಗೇದ. ಕುಬೇರಪ್ಪ ಏನಾದಾ ಹೇಳು, ಏಳೂಣು."

ಜನ ನಗಲು ತಯಾರಾದರು. ಅವನ ಮುಖ ನೋಡಿ ಬಾಯಿ ಮುಚ್ಚಿದರು. ಎದ್ದು ಓಡುವವನಿದ್ದ. ಕಮಿಟಿಯವರೇ ಭುಜ ಹಿಡಿದು ಕೂಡಿಸಿದರು — ಪಕ್ಕದವರು ಉಣ್ಣುವಾಗ ಏಳುವುದೇ? ಶಿಷ್ಟಾಚಾರಕ್ಕೆ ಜಯವಾಗಲಿ. ಮತ್ತೊಂದು ಅಗುಳು ತಿಂದೆ. ಇನ್ನೊಂದು.

ಕಡೆಗೆ ಎಲೆಗೆ ಹೇಳಿದ: "ನಾನ ತೋರಿಸಿದೆ, ಗುಂಡ ಹಾಕಿದ್ರು. ಇಲ್ಲಾಂದ್ರ ನನ್ನ ಒಯ್ತಿದ್ರು."

ಕಂಬದ ಹಿಂದೆ ಬಳೆ ಒಡೆದ ಸಪ್ಪಳ. ಆಮೇಲೆ ರೇವವ್ವ ಅನ್ನದ ಬುಟ್ಟಿ ಹೊತ್ತು ಬಂದಳು. ಅವನ ಎಲೆ ತುಂಬ ಸುರಿದಳು.

"ಉಣ್ಣು. ಪಂಕ್ತಿ ಇನ್ನೂ ಎದ್ದಿಲ್ಲ."

ಉಂಡ. ಅಳುತ್ತ ಉಂಡ. ನನ್ನ ಎಲೆಯಲ್ಲಿ ಒಂದು ಅಗುಳು ಉಳಿಸಿಕೊಂಡೇ ಕುಳಿತಿದ್ದೆ. ಇಷ್ಟು ರುಚಿಯ ಊಟ ಯುದ್ಧದ ನಂತರ ಇದೇ ಮೊದಲು.

೨೧ ಆಗಸ್ಟ್, ಬೆಳಿಗ್ಗೆ

ರೇವವ್ವ ಬಾಗಿಲಲ್ಲಿ ನಿಂತಿದ್ದಾಳೆ, ಬಳೆಯಿಲ್ಲದ ಕೈಯಲ್ಲಿ ಬುತ್ತಿ ಹಿಡಿದು. ಕುಂದಗೋಳಕ್ಕೆ, ಅವನ ಮನೆಗೆ ಹೋಗಿ ಮತ್ತೆ ಪಂಕ್ತಿ ಕೂಡಬೇಕಂತೆ. ಅನ್ನ ಅವಳದು, ಎಲೆ ನನ್ನದು. ಈ ಸಲ ಕಡೆಯ ಅಗುಳು ತಾನೇ ತಿನ್ನುತ್ತಾಳಂತೆ. ಬಸ್ಸಿನ ಹಾರ್ನು. ಎಲೆ ಸುತ್ತಿಕೊಂಡು—