ದೊರೆ ಕೊಟ್ಟಿಗೆಯ ಪಡುವಣ ಗೋಡೆ

ಕ್ರಿ.ಶ. ೨೧೮೬, ಫೆಬ್ರವರಿ ಮೂವತ್ತು

ಪವಿತ್ರಜ್ಜಿಯವರಿಗೆ ಹನುಮಂತರಾಯ ಮಾಡುವ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತೆಲ್ಲಿಂದ ಬಂತೆಂದು ನಗಬೇಡಿ. ನಮ್ಮ ಕಾಲದವರು ತಿಂಗಳುಗಳನ್ನೆಲ್ಲ ಸಮ ಮಾಡಿಟ್ಟಿದ್ದಾರೆ. ಶಾಲೆ ಕಾಣದೆ ಕಲಿತ ಅಕ್ಷರ ನನ್ನದು, ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮಗಿನ್ನೂ ಹರೆಯ, ನನಗೆ ಎಪ್ಪತ್ತು ದಾಟಿದೆ. ಆದರೂ ನೀವು ನನ್ನ ಮುತ್ತಜ್ಜಿಯ ತಾಯಿ.

ನಿಮ್ಮ ಹಿತ್ತಲಾಚೆಯ ದೊರೆ ಕೊಟ್ಟಿಗೆಯನ್ನು ಕಟ್ಟಿದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಆ ಇಂಗ್ಲಿಷ್ ದೊರೆ ತನ್ನ ಊರಿನ ಹಾಗೆ ಅಂಗಳದ ಸುತ್ತ ಕುದುರೆ ಲಾಯ, ಹಾಲಿನ ಮನೆ, ಕಣಜ ಎಲ್ಲ ಕಟ್ಟಿಸಿದ. ಸುಣ್ಣದ ಗಾರೆ ಅರೆದದ್ದು ಮಾತ್ರ ನಮ್ಮ ಎತ್ತು. ಅದಕ್ಕೆ ಬಿದ್ದದ್ದು ನಮ್ಮ ಬೆಲ್ಲ, ನಮ್ಮ ಅಳಲೆಕಾಯಿ. ಲಾಯ ಬಿದ್ದಾಗ ಅದರ ಕಲ್ಲು ಶಾಲೆಗೆ ಹೋಯಿತು. ಹಾಲಿನ ಮನೆ ರೇಷ್ಮೆಹುಳುವಿನ ಮನೆಯಾಯಿತು, ಆಮೇಲೆ ಗೊಬ್ಬರದ ಗೋದಾಮು, ಆಮೇಲೆ ಬಯಲು. ಕಣಜವೂ ಉಳಿಯಲಿಲ್ಲ. ಕೊಟ್ಟಿಗೆಯೊಂದೇ ನಮ್ಮವರೆಗೆ ನಿಂತಿತು.

ನಮ್ಮಲ್ಲಿ ‘ಉರಿಹೊತ್ತು’ ಎಂದಿದೆ. ಬೆಳಗಿನ ಊಟ ಮುಗಿದಾಗಿನಿಂದ ಹೊತ್ತಿಳಿಯುವವರೆಗೆ ಹೊರಗೆ ಜೀವ ನಿಲ್ಲದ ಬಿಸಿಲು. ಆಗ ಊರಿಗೆ ಊರೇ ಆ ದಪ್ಪ ಗೋಡೆಗಳ ತಂಪಿಗೆ ಬಂದು ಸೇರುತ್ತಿತ್ತು. ದನ ಮೇದ ಗೋದಲಿಯಲ್ಲಿ ಕೂಸುಗಳು ಮಲಗುತ್ತಿದ್ದವು. ನನ್ನ ತಂಗಿ ಯಶೋದೆ ಸೊಪ್ಪು ಹರಡಿಕೊಂಡು ಕೂತು, “ಅಣ್ಣಯ್ಯ, ಗೋಡೆಗೆ ಬೆನ್ನು ಅಂಟ್ಕೊಂಡ್ಬಿಟ್ಟೈತಾ? ಈ ಕಡೆ ಬಂದು ನಾಕು ಸೊಪ್ಪು ಸೋಸ್ಬಾರ್ದಾ?” ಎಂದು ಚುಚ್ಚುತ್ತಿದ್ದಳು. ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚುತ್ತಿದ್ದೆ.

ಹೋದ ಮಳೆಗಾಲದಲ್ಲಿ ಪಡುವಣ ಗೋಡೆ ಅವಳ ಮೇಲೆ ಕುಸಿಯಿತು, ಅವಳು ಉಳಿಯಲಿಲ್ಲ. ಮಣ್ಣು ಸರಿಸುವಾಗ ಕಂಡೆ. ಮೇಲಿನ ಸಿಮೆಂಟು ಚಿಪ್ಪಿನಂತೆ ಗಟ್ಟಿಯಾಗಿತ್ತು. ಒಳಗಿನ ಗಾರೆ, ಕುಡಿದ ನೀರನ್ನು ಬಿಡಲು ದಾರಿಯಿಲ್ಲದೆ, ಮೊಸರಾಗಿತ್ತು.

ಸಂಕ್ರಾಂತಿಗೆ ದನ ತೊಳೆದ ದಿನವೇ ಗೋಡೆಗೂ ಸುಣ್ಣ ಹೊಡೆಯುವುದು ನಮ್ಮ ಮನೆತನದ ಪದ್ಧತಿ. ಸುಣ್ಣಕ್ಕೆ ಒಡೆದ ನಿಮ್ಮ ಅತ್ತೆಯ ಕೈ ನೋಡಲಾರದೆ ನೀವು ಸಿಮೆಂಟು ಹಾಕಿಸಿದಿರೆಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಆಮೇಲಿನವರು ಅದರ ಮೇಲೇ ಮೆತ್ತುತ್ತ ಬಂದರು. ಕರುಣೆಯಿಂದ ಮಾಡಿದ್ದನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಕಾಗದ ಹಿಂದಿನ ಕಾಲಕ್ಕೆ ಹೋಗುವುದಿಲ್ಲವೆಂದು ಬಲ್ಲೆ. ಆದರೂ ಸಿಮೆಂಟು ಇನ್ನೂ ಕಲಸಿರದಿದ್ದರೆ, ಬೇಡ ತಾಯಿ. ಅತ್ತೆಯ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಕೂರಿಸಿ, ಸುಣ್ಣದ ಕುಂಚ ನೀವು ಹಿಡಿಯಿರಿ. ನಿಮ್ಮ ಮಗಳಿಗೂ ಹಿಡಿಸಿ.

ನೀವು ಹಾಗೆ ಮಾಡಿದರೆ ಈ ಕಾಗದ ಬರೆಯಲು ನನಗೆ ಕಾರಣವೇ ಇರುವುದಿಲ್ಲ. ಆ ಗೋಡೆಗೆ ಬೆನ್ನು ಕೊಟ್ಟು ಕೂತು, ತಂಗಿಯಿಂದ ಬೈಸಿಕೊಳ್ಳುತ್ತ, ಸೊಪ್ಪು ಸೋಸುತ್ತಿರುತ್ತೇನೆ.